ಹುಲ್ಲಿನ ಮೇಲೆ ಗಾಳಿಕೋಟೆ

ಮಗಳ ಹುಟ್ಟುಹಬ್ಬಕ್ಕೆಂದು ಬಾಡಿಗೆಗೆ ತರಿಸಿದ್ದ, ಮಕ್ಕಳು ಕುಣಿಯುವ ಗಾಳಿಕೋಟೆ ಪಾರ್ಕಿನ ಹುಲ್ಲಿನ ಮೇಲೆ ಇನ್ನೇನು ಉಬ್ಬಬೇಕು, ಹೆಬ್ಬೂರಿನಲ್ಲಿ ಹಸು ಸಾಕುವ ನಮ್ಮತ್ತೆ ಅಡ್ಡ ಬಂದು ನಿಂತರು.

"ಮೇಯೋ ಹಸೂನ ದಿನವೆಲ್ಲಾ ಒಂದೇ ಗೂಟಕ್ಕೆ ಕಟ್ಟಿದ್ರೆ ನೆಲ ಬೋಳಾಗಲ್ವೇನಪ್ಪ? ಗಂಟೆಗೊಂದ್ಸಲ ಜಾಗ ಬದ್ಲಾಯ್ಸು!"

ಕೋಟೆ ತಂದವನು ನನ್ನ ಮುಖ ನೋಡಿದ. ಹುಲ್ಲು ಹಾಳಾದರೆ ಪಾರ್ಕಿನಲ್ಲಿ ಇನ್ನು ಯಾವ ಮಗುವಿನ ಪಾರ್ಟಿಯೂ ಇಲ್ಲ ಎಂದು ತುಮಕೂರಿನ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಮೊದಲೇ ಗುಡುಗಿದ್ದರು. ನಾನು ಅತ್ತೆಯ ಪಕ್ಷ ಸೇರಿದೆ.

ಅತ್ತೆ ಸೆರಗು ಸಿಕ್ಕಿಸಿ ಕುರ್ಚಿ ಹಾಕಿಕೊಂಡು ಕೂತರು. ಗಂಟೆಗೊಮ್ಮೆ ಮಕ್ಕಳನ್ನು ಇಳಿಸಿ, ಗಾಳಿ ಬಿಡಿಸಿ, ಕೇಕ್ ತಿನ್ನುತ್ತಿದ್ದ ಅಪ್ಪಂದಿರಿಂದಲೇ ಕೋಟೆಯನ್ನು ಎತ್ತಿಸಿ ಬೇರೆ ಕಡೆ ಇಡಿಸಿದರು. ಎಳೆಯಲು ಹೋದವರಿಗೆ ಬೈಗುಳ ಬಿತ್ತು. ಖಾಲಿಯಾದ ಜಾಗಕ್ಕೆಲ್ಲ ಬಕೆಟ್ಟಿನಿಂದ ನೀರು ಚಿಮುಕಿಸಿದರು.

ಮೂರನೇ ದಿನ ಕಾರ್ಯದರ್ಶಿ ಬಂದು, ಹುಲ್ಲನ್ನು ಬಗ್ಗಿ ಬಗ್ಗಿ ನೋಡಿ, ಕೊನೆಗೆ ಅತ್ತೆಯನ್ನೇ ಕೇಳಿದರು: "ಎಲ್ಲಿ ಹಾಕಿದ್ರಮ್ಮಾ ಆ ಕೋಟೇನ?"

ಈಗ ಪಾರ್ಕಿನ ಬೋರ್ಡಿನಲ್ಲಿ ಹೊಸ ನಿಯಮವಿದೆ: ಪಾರ್ಟಿ ಮಾಡಬಹುದು, ಆಟದ ಸಾಮಾನಿನ ಜಾಗವನ್ನು ಗಂಟೆಗೊಮ್ಮೆ ಬದಲಿಸತಕ್ಕದ್ದು. ಕೆಳಗಿನ ಸಹಿ ಕಾರ್ಯದರ್ಶಿಯದು. ಕಾನೂನು ಮಾತ್ರ ಹೆಬ್ಬೂರಿನ ಕೊಟ್ಟಿಗೆಯದು.