ಒದ್ದೆ ಬಟ್ಟೆ ಕಟ್ಟಿದ ಗಾಜಿನ ಕಡ್ಡಿ

ನನಗಾಗ ಅರವತ್ತೆಂಟು, ಮೂರು ವರ್ಷದ ಹಿಂದಿನ ಮಾತು. ಮಲ್ಲಿಪಟ್ಟಣದ ನಮ್ಮ ಹೊಲದಾಚೆ ಹೊಸದಾಗಿ ಬೇಲಿ ಹಾಕಿ, ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ ನಿಲ್ಲಿಸಿದ್ದರು. ಯಾವುದೋ ಗುಡಿಯೆಂದುಕೊಂಡು ಅದಕ್ಕೆ ಹೂ ಮುಡಿಸುತ್ತಿದ್ದೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಓಡಿ ಬಂದಳು.

“ಅದು ದೇವ್ರಲ್ಲ ಕಣಜ್ಜಿ! ಹವಾಮಾನ ವೀಕ್ಷಣಾಲಯ. ಗಾಳಿ, ಮಳೆ ಅಳೆಯೋ ಜಾಗ.”

ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿದಳು. ಒಳಗೆ ಎರಡು ಗಾಜಿನ ಕಡ್ಡಿಗಳು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿತ್ತು.

“ಇದ್ಕೇನವ್ವ, ಜ್ವರ ಬಂದದಾ?” ಎಂದೆ.

ಹುಡುಗಿ ನಕ್ಕಳು. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಆರಿ ಆ ಕಡ್ಡಿಯ ಪಾದರಸ ಕೆಳಗಿಳಿಯುತ್ತದಂತೆ. ಅವತ್ತು ಎರಡರಲ್ಲೂ ಸಮನಾಗಿ ನಿಂತಿತ್ತು. ಅಂದರೆ ಗಾಳಿ ತುಂಬ ತೇವ. “ಆಲೂಗೆಡ್ಡೆಗೆ ಅಂಗಮಾರಿ ರೋಗ ಬತ್ತದೆ, ನಾಳೆನೇ ಔಷಧಿ ಹೊಡೀರಿ” ಎಂದಳು.

ನನ್ನ ಒಂದೆಕರೆ ಗಿಡದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಹಿಂದಿನ ವರ್ಷ ಚುಕ್ಕೆ ಕಂಡ ಮೇಲೆ ಔಷಧಿ ಹೊಡೆದು ತಡವಾಗಿ, ಬೆಳೆಯೆಲ್ಲ ಕೊಳೆತುಹೋಗಿದ್ದು ನಿಜ. ಆದರೂ ಗಾಜಿನ ಕಡ್ಡಿಯ ಮಾತು ಕೇಳಲು ಮನಸ್ಸು ಬರಲಿಲ್ಲ. “ಬಟ್ಟೆ ನೋಡ್ಕಂಡು ಬೇಸಾಯ ಮಾಡಕಾಯ್ತದಾ ಅತ್ತೆ?” ಎಂದು ಮನೆಯಲ್ಲಿ ಸೊಸೆಯೂ ಅಣಕಿಸಿದಳು.

ಮಾರನೇ ಬೆಳಿಗ್ಗೆ ಎದ್ದು ನೋಡಿದರೆ, ಹಿಂದಿನ ದಿನ ಜಗಲಿಯಲ್ಲಿ ಹರವಿದ್ದ ನನ್ನ ಸೀರೆ ಒಗೆದಾಗ ಇದ್ದಷ್ಟೇ ಒದ್ದೆಯಾಗಿತ್ತು. ಅದನ್ನು ಸೊಸೆಯ ಕೈಗೆ ಕೊಟ್ಟು, ಔಷಧಿ ಡಬ್ಬ ಬೆನ್ನಿಗೇರಿಸಿಕೊಂಡು ಹೊಲಕ್ಕೆ ಹೋದೆ.