ಒಂಬತ್ತನೇ ಕಂಬಕ್ಕ ಗಂಗಾ ಹಚ್ಚಿದ ಸುಣ್ಣ

ಅಜ್ಜಿ ಹೇಳಿದಂಗ ಬರ್ಕೋ ಸ್ಫೂರ್ತಿ. ಮೊದಲು ನನ್ನ ತಮ್ಮ ಎರ್ರಿಯಪ್ಪನ ಹೆಸರು ಬರಿ. ಕಂಪ್ಯೂಟರಿನಾಗ ಕಟ್ಟಡದ ಮಾದರಿ ಮಾಡೋದು ಬ್ಯಾರೆ, ಡಿಜಿಟಲ್ ಅವಳಿ ಮಾಡೋದು ಬ್ಯಾರೆ ಅಂತ ನಿನ್ನೆ ಜೋರಾಗಿ ಓದ್ಕಂತ ಕುಂತಿದ್ದಿಯಲ್ಲ, ನನಗ ಅದು ಹೊಸ ಮಾತಲ್ಲ. ಆ ಹೆಸರು ಆಗ ಗೊತ್ತಿರ್ಲಿಲ್ಲ, ಅಷ್ಟೇ. ನಡುವ ಬ್ಯಾರೆ ಮಾತು ಬಂದ್ರ ಅದನ್ನೂ ಬರ್ಕೋ, ಅಳಿಸಬ್ಯಾಡ.

ಎರ್ರಿಯಪ್ಪ ನನಗಿಂತ ಆರು ವರ್ಷ ಸಣ್ಣಾವ. ಬುಕ್ಕಸಾಗರದಾಗ ಹುಟ್ಟಿದಾವ, ಆದ್ರ ಭತ್ತದ ಗದ್ದ್ಯಾಗ ಇಳಿದ್ರ ಕಾಲು ತುರಿಸ್ತಾವ ಅಂತ ಗಣಿ ಕಡೆ ಹೋದ. ಯಶವಂತನಗರದ ಹತ್ರ ಅದಿರು ಒಡೆಯೋ ಒಂದು ಪ್ಲಾಂಟಿನಾಗ ಫಿಟ್ಟರ್ ಆಗಿದ್ದ. ಎರಡು ಸಾವಿರದ ಆರೋ ಏಳೋ ಇರ್ಬೇಕು. ಚೀನಾದವರು ಎಷ್ಟು ಮಣ್ಣು ಕೊಟ್ರೂ ಸಾಲದು ಅಂತಿದ್ದ ಕಾಲ. ಹಬ್ಬಕ್ಕ ಬಂದ್ರ ಆತನ ಅಂಗಿ ಮೂರು ಸಲ ಒಗೆದ್ರೂ ನೀರು ಕೆಂಪಗೇ ಬರ್ತಿತ್ತು. ಬಿಳಿ ಅಂಗಿ ಹಾಕ್ಕೋಬ್ಯಾಡಪ್ಪ ಅಂದ್ರ ಕೇಳ್ತಿರ್ಲಿಲ್ಲ, ಮದಿವ್ಯಾದಾಗಿಂದ ಆತಗ ಅದೊಂದು ಹುಚ್ಚು. ಇರ್ಲಿ.

ಆತನ ಕೆಲಸ ಅಂದ್ರ ಪ್ಲಾಂಟ್ ತುಂಬ ನಡ್ಯೋದು. ದಿನಾ ಪ್ಲಾಂಟಿನ ಒಂದೊಂದು ಕಂಬ ಮುಟ್ಟೋದು, ಮೋಟರಿಗೆ ಕಬ್ಬಿಣದ ಸರಳು ಹಚ್ಚಿ ಇನ್ನೊಂದು ತುದಿ ಕಿವಿಗೆ ಇಟ್ಕೊಂಡು ಕೇಳೋದು. ಜೋಬಿನಾಗ ಯಾವಾಗ್ಲೂ ಸೀಮೆಸುಣ್ಣ. ಜರಡಿ ಮನಿ ಅಂತ ಒಂದಿತ್ತು, ಮ್ಯಾಲ ದೊಡ್ಡ ದೊಡ್ಡ ಜರಡಿ ಗಡಗಡ ಅಂತ ಅದಿರು ಸಾಣಿಸ್ತಿದ್ವು. ಅದರ ಒಂಬತ್ತನೇ ಕಂಬದಾಗ ಬಿರುಕು ಬಿಟ್ಟಿತ್ತು. ಸೋಮವಾರಕ್ಕೊಮ್ಮೆ ಬಿರುಕಿನ ತುದಿಗೆ ಆತ ಅಡ್ಡ ಗೆರೆ ಎಳೀತಿದ್ದ. ಮುಂದಿನ ಸೋಮವಾರ ಬಿರುಕು ಅದನ್ನ ದಾಟಿದ್ರ ಇನ್ನೊಂದು ಗೆರೆ. ಆ ಕಂಬದ ಬುಡದಾಗೇ ಸ್ಯಾಂಪಲ್ ರೂಮು. ಅಲ್ಲಿ ಆತನ ಮಗಳು ಗಂಗಾ ಅದಿರಿನ ಪುಡಿ ತೂಗಿ ಡಬ್ಬಿಗೆ ತುಂಬ್ತಿದ್ಲು. ಆ ಕಂಬದ ಮ್ಯಾಲ ಆತಗ ಯಾಕ ಅಷ್ಟು ಕಣ್ಣು ಅಂತ ತಿಳೀತಲ್ಲ.

ಆ ವರ್ಷ ಪೂಜಿತಾ ಬಂದ್ಲು. ಹೊಸಪೇಟಿ ಅಕ್ಕಿ ಗಿರಣಿಯವರ ಮಗಳು, ಎಂಜಿನಿಯರು. ಹಳೇ ನಕ್ಷಿ ನೋಡಿ ಇಡೀ ಪ್ಲಾಂಟನ್ನ ಕಂಪ್ಯೂಟರಿನಾಗ ಕಟ್ಟೋ ಕೆಲಸ ಆಕಿದು. ಬರೇ ಚಿತ್ರ ಅಲ್ಲ ನೋಡು. ಮೌಸಿನಿಂದ ಕಂಬ ಒತ್ತಿದ್ರ ಒಳಗ ಎಷ್ಟು ಸರಳು, ಯಾವ ಸಿಮೆಂಟು, ಎಷ್ಟು ಭಾರ ಹೊರ್ತೈತಿ, ಎಲ್ಲಾ ಹೇಳ್ತಿತ್ತಂತ. ಹೊಸ ಪೈಪು ಹಾಕಿದ್ರ ಎಲ್ಲಿ ಬಡೀತೈತಿ ಅಂತ ಹಾಕೋಕಿಂತ ಮೊದ್ಲೇ ತೋರಿಸ್ತಿತ್ತಂತ. ಎರ್ರಿಯಪ್ಪ ನೋಡಿ ನೋಡಿ, ಒಂಬತ್ತನೇ ಕಂಬ ತೋರಿಸವ್ವ ಅಂದ. ಬಿರುಕಿಲ್ಲ ಏನಿಲ್ಲ, ಹಸಿರು ಬಣ್ಣದಾಗ ಚಂದಗ ನಿಂತಿತ್ತು. ಮ್ಯಾನೇಜರ್ ನಕ್ಕ. ಕಂಪ್ಯೂಟರಿಗೆ ಕಾಣದ್ದು ನಿನಗ ಕಾಣ್ತೈತಂದ್ರ ಹೋಗಿ ಕಣ್ಣು ತೋರಿಸ್ಕೋ ಅಂದ್ನಂತ.

ಪೂಜಿತಾ ನಗಲಿಲ್ಲ. ಎದ್ದು ಆತನ ಹಿಂದ ಹೋಗಿ ಗೆರೆ ಎಣಿಸಿದ್ಲು. ತಲಿ ಎತ್ತಿ ನೋಡಿದ್ರ ಮ್ಯಾಲ ಮೂರು ಜರಡಿ, ಆಕಿ ಕಂಪ್ಯೂಟರಿನಾಗ ಎರಡೇ. ಆರ್ಡರ್ ಜಾಸ್ತಿ ಆತು ಅಂತ ಮೂರನೇದನ್ನ ಆಮ್ಯಾಲ ಕುಂದ್ರಿಸಿದ್ರು, ನಕ್ಷ್ಯಾಗ ಏರಿಸಿರ್ಲಿಲ್ಲ.

"ನನ್ನ ಕಂಬ ಕಟ್ಟಿದ ದಿನದಾಗೇ ನಿಂತೈತಿ ಮಾಮ," ಅಂದ್ಲು. "ನಿಮ್ಮದು ಇವತ್ತಿನ ಕಂಬ. ನನಗ ಇದರ ಸುದ್ದಿ ದಿನಾ ಬೇಕು."

ಅವತ್ತಿಂದ ಇಬ್ಬರೂ ಜೋಡಿ. ಆತ ಎಳೆದ ಗೆರೆನೆಲ್ಲ ಆಕಿ ಅಳೆದು ತಾರೀಖು ಹಾಕಿ ಕಂಪ್ಯೂಟರಿಗೆ ಏರಿಸ್ತಿದ್ಲು. ಕಂಬಕ್ಕ ಬೆಂಕಿಪೊಟ್ಟಣದಷ್ಟು ಯಂತ್ರ ಅಂಟಿಸಿ, ಅದು ಎಷ್ಟು ನಡುಗ್ತೈತಿ ಅಂತ ವೈರಿನಾಗ ತರಿಸ್ಕೊಂಡ್ಲು. ಮೊದಲಿಂದು ಬರೇ ಮಾದರಿ, ನೀನು ಅವಳಿ ಅಂತ ಓದಿದ್ದು ಇದು. ನೋಡವ್ವ, ನೀನು ಹುಟ್ಟಿದಾಗಿನ ಆಸ್ಪತ್ರಿ ಚೀಟಿ ನನ್ನ ಟ್ರಂಕಿನಾಗ ಐತಿ. ಎಷ್ಟು ತೂಕ, ಯಾವ ರಕ್ತ, ಎಲ್ಲಾ ಬರ್ದಾರ. ಆದ್ರ ಇವತ್ತು ನಿನಗ ಜ್ವರ ಬಂದೈತೋ ಇಲ್ಲೋ ಅಂದ್ರ ಹಣಿ ಮುಟ್ಟೇ ನೋಡ್ಬೇಕು. ಹಂಗಂತ ಚೀಟಿ ಒಲಿಗೆ ಹಾಕಂಗಿಲ್ಲ, ಡಾಕ್ಟರು ಯಾವ ರಕ್ತ ಅಂತ ಕೇಳೇ ಕೇಳ್ತಾರ.

ಎಲ್ಲಿದ್ದೆ? ಹಾಂ, ಆಯುಧ ಪೂಜಿ. ಹಿಂದಿನ ದಿನ ಪ್ಲಾಂಟ್ ನಿಲ್ಸಿ, ತೊಳೆದು, ಸುಣ್ಣ ಬಳಿದು, ವಿಭೂತಿ ಹಚ್ಚೋದು ಅಲ್ಲಿ ಪದ್ಧತಿ. ಕಂಬಗಳನ್ನ ಹೆಣ್ಮಕ್ಕಳು ಹಂಚ್ಕೊಂತಿದ್ರು. ಗಂಗಾ ಹಟ ಹಿಡಿದು ಒಂಬತ್ತನೇದನ್ನೇ ತಗೊಂಡ್ಲು, ಅಪ್ಪ ದಿನಾ ಮುಟ್ಟೋ ಕಂಬ ಅಂತ. ಆ ಗೆರೆ ಯಾಕಂತ ಆಕಿಗೆ ಗೊತ್ತಿರ್ಲಿಲ್ಲ. ತಿಕ್ಕಿ ತೊಳೆದು, ಬಿರುಕಿನಾಗ ಗಟ್ಟಿ ಸುಣ್ಣ ಮೆತ್ತಿ, ಎರಡು ಸಲ ಬಳಿದು, ಮೂರು ಬೆರಳಿನ ವಿಭೂತಿ ಎಳೆದ್ಲು. ಎರ್ರಿಯಪ್ಪ ಅವತ್ತು ಪೂಜಿಗೆ ಬಾಳಿಕಂದು ಒಯ್ಯಾಕ ನನ್ನ ಮನಿಗೆ ಬಂದಿದ್ದ. ಬದ್ನಿಕಾಯಿ ಪಲ್ಯ ಮಾಡೀನಿ, ಉಂಡು ಹೋಗು ಅಂತ ನಾನೇ ಕುಂದ್ರಿಸಿದೆ. ಇಲ್ಲಾಂದ್ರ ಸುಣ್ಣ ಬಳ್ಯೋಕಿಂತ ಮೊದ್ಲೇ ಅಲ್ಲಿ ಇರ್ತಿದ್ದ.

ಹೋಗಿ ನೋಡಿದ್ರ ಬೆಳ್ಳನ ಕಂಬ. ಹದಿಮೂರು ಗೆರೆಯಾಗ ಒಂದೂ ಇಲ್ಲ. ಗಂಗಾ ಮುಂದ ನಿಂತು, ಹೆಂಗೈತಪ್ಪ ಅಂತ ಕೇಳಿದ್ಲು. ಆತ ಬೈಲಿಲ್ಲ. ಚಲೋ ಐತವ್ವ ಅಂದು ಕಂಬದ ಮ್ಯಾಲ ಕೈ ಇಟ್ಟು ನಿಂತ. ಅಲ್ಲಿತನಕ ಮೂರನೇ ಜರಡಿನ ನಿಧಾನಕ್ಕ ಓಡಿಸ್ತಿದ್ರು. ಹಬ್ಬದ ಮರುದಿನ ಬೆಳಿಗ್ಗೆಯಿಂದ ಮೂರೂ ಪೂರಾ ಲೋಡಿನಾಗ ಓಡಬೇಕಿತ್ತು, ಕೆಳಗ ಗಂಗಾನ ಪಾಳಿ.

ಪೂಜಿ ದಿನ ಆತ ಮ್ಯಾನೇಜರನ್ನ ಕಂಬದ ಹತ್ರ ಕರ್ಕೊಂಡು ಬಂದು ಬ್ಯಾಡ್ರಿ ಅಂದ.

"ಎಲ್ಲೈತೋ ನಿನ್ನ ಬಿರುಕು?" ಅಂದ ಮ್ಯಾನೇಜರ್. "ಮಗಳೇ ವಾಸಿ ಮಾಡ್ಯಾಳಲ್ಲ."

ಎರ್ರಿಯಪ್ಪಗ ಬೆರಳು ಮಾಡಿ ತೋರ್ಸಾಕ ಏನೂ ಇರ್ಲಿಲ್ಲ. ಆಗ ಪೂಜಿತಾ ಪೂಜಿ ಮೇಜಿನ ಮ್ಯಾಲಿನ ಬೂದುಗುಂಬಳಕಾಯಿ ಸರಿಸಿ ತನ್ನ ಲ್ಯಾಪ್‌ಟಾಪ್ ಇಟ್ಲು. ಹದಿಮೂರೂ ಗೆರೆ ಅದ್ರಾಗ ಇದ್ವು, ಒಂದೊಂದಕ್ಕೂ ತಾರೀಖು. ಮೊದಮೊದಲು ಉಗುರಿನಷ್ಟು ಸಂದು, ಕೊನೀವೆರಡು ಬೆರಳಿನಷ್ಟು. ಪಕ್ಕದಾಗ ಕಂಬದ ನಡುಕ ಏರ್ಕೊಂತ ಹೋಗಿದ್ದೂ ಕಾಣ್ತಿತ್ತು.

"ಪೂರಾ ಲೋಡ್ ಹಾಕಿದ್ರ ಹದಿನಾಲ್ಕನೇ ಗೆರೆ ಎಳ್ಯಾಕ ಕಂಬದಾಗ ಜಾಗ ಉಳಿಯಂಗಿಲ್ಲ ಸರ್," ಅಂದ್ಲು.

ಮ್ಯಾನೇಜರ್ ಸ್ಕ್ರೀನಿಗೆ ಬಗ್ಗಿ ತಾರೀಖು ಓದಿದ. ಆಮ್ಯಾಲ ಆ ಸುಣ್ಣ ಕೆರಿ ಅಂದ. ಎರ್ರಿಯಪ್ಪ ಉಳಿ ತಗೊಂಡು ಮಗಳು ಬಳಿದ ಸುಣ್ಣ ಮೆಲ್ಲಕ ಕೆರೆದ. ಕಂಪ್ಯೂಟರ್ ತೋರಿಸಿದ ಜಾಗದಾಗೇ ಬಿರುಕು ಇತ್ತು, ಅದಕ್ಕಿಂತ ಎರಡು ಬೆರಳು ಮುಂದೂ ಹೋಗಿತ್ತು. ಮ್ಯಾನೇಜರ್ ಹೆಲ್ಮೆಟ್ ತೆಗೆದು ತಲಿ ಒರೆಸ್ಕೊಂಡು, ಜರಡಿ ಒಂದೂ ಓಡಿಸಬ್ಯಾಡ್ರಿ, ಸ್ಯಾಂಪಲ್ ರೂಮು ಇವತ್ತೇ ಖಾಲಿ ಮಾಡ್ರಿ ಅಂದ. ಕಂಬಕ್ಕ ಕಬ್ಬಿಣದ ಆಸರಿ ಕೊಟ್ಟು ಒಡೆದು ನೋಡಿದ್ರ ಒಳಗಿನ ಸರಳು ಬಾಗಿದ್ವಂತ.

ಎರಡು ದಿನ ಬಿಟ್ಟು ಗಂಗಾ ನನ್ನ ಮನಿಗೆ ಬಂದ್ಲು. ಅತ್ತಿ, ನಾನೇ ಮುಚ್ಚಿಬಿಟ್ಟಿದ್ದೆ ಅಂತ ಅತ್ಲು. ನಾನೂ ಅವತ್ತು ಪಲ್ಯ ಬಡಿಸ್ಕೊಂತ ಕುಂತಾಕಿ. ತಲಿ ಸವರಿದೆ, ಬೆಚ್ಚಗಿತ್ತು. ಅಷ್ಟೇ ಸಾಕಾತು ನನಗ.

ಕಂಬ ರಿಪೇರಿ ಆದ ಮ್ಯಾಲ ಮುಂದಿನ ವರ್ಷನೂ ಗಂಗಾನೇ ಅದಕ್ಕ ಸುಣ್ಣ ಹಚ್ಚಿದ್ಲು, ಗೆರೆ ಎಳ್ಯಾಕ ಒಂದು ಮೊಳ ಜಾಗ ಬಿಟ್ಟು. ಅಪ್ಪನ ಸೀಮೆಸುಣ್ಣದ ಡಬ್ಬಿಗೂ ವಿಭೂತಿ ಹಚ್ಚಿ, ಲ್ಯಾಪ್‌ಟಾಪಿಗೂ ಹಚ್ಚಾಕ ಹೋದ್ರ ಪೂಜಿತಾ, ಸ್ಕ್ರೀನಿಗೆ ಬ್ಯಾಡವ್ವ, ಹಿಂದ ಹಚ್ಚು ಅಂತ ಎರಡೂ ಕೈ ಅಡ್ಡ ಹಿಡಿದ್ಲಂತ.

ಎರ್ರಿಯಪ್ಪಗ ಈಗ ಕೆಲಸ ಮುಗಿದೈತಿ, ಕೈ ಮಾತ್ರ ಸುಮ್ಮನಿರಂಗಿಲ್ಲ. ಬಂದಾಗೆಲ್ಲ ಚಾ ಕುಡಿಯೋಕಿಂತ ಮೊದಲು ನಮ್ಮ ಪಡಸಾಲಿ ಕಂಬ ಮುಟ್ಟಿ ನೋಡಿ, ಗಟ್ಟಿ ಅದಾವಕ್ಕ ಅಂತಾನ. ಆತ ಹಂಗಂದ ಮ್ಯಾಲ ನಾನು ಚಾಕ್ಕ ಇಡ್ತೀನಿ.