ಹೆಡ್‌ಲೈಟಿಗೆ ಅಡಿಕೆ ಹಾಳೆ

ಗೆಳೆಯರೇ, ಇವತ್ತು ನನ್ನ ಮಾನ ಸ್ವಲ್ಪದರಲ್ಲಿ ಉಳಿಯಿತು.

ನಮ್ಮ ಕಾರಿನ ಹೆಡ್‌ಲೈಟಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟಿ ಮಂಕಾಗಿತ್ತು. ಹೋದ ವಾರ ಕೆರೆಕಟ್ಟೆ ಕಾಡಿನಲ್ಲಿ ಕಾಡುಕೋಣ ಕಣ್ಣಿಗೆ ಬಿದ್ದದ್ದು ಬಂಪರಿಗೆ ಮೂತಿ ತಾಗಿಸುವಷ್ಟು ಹತ್ತಿರ ಬಂದ ಮೇಲೆ. "ಇನ್ನೊಂದ್ಸಲ ಹೀಗಾದ್ರೆ ಈ ಕಾರು ಹತ್ತೂದಿಲ್ಲ" ಎಂದಿದ್ದಳು ಹೆಂಡತಿ.

ಹಾಗಾಗಿ ಬೆಳಿಗ್ಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತೋಳು ನೋಯುವಷ್ಟು ತಿಕ್ಕಿದೆ. ಪ್ಲಾಸ್ಟಿಕ್ ತಿಳಿಯಾಯಿತು. ಮಧ್ಯಾಹ್ನ ಕೆರೆಕಟ್ಟೆಯ ಅವಳ ಅಣ್ಣನ ಮನೆಗೆ ಊಟಕ್ಕೆ ಹೋದಾಗ, ಮತ್ತೆ ಬಿಸಿಲು ತಾಗಬಾರದೆಂದು ಎರಡೂ ದೀಪಗಳಿಗೆ ಅಡಿಕೆ ಹಾಳೆ ಮುಚ್ಚಿ ಟೇಪು ಅಂಟಿಸಿದೆ.

ಕತ್ತಲಾದ ಮೇಲೆ ಹೊರಟೆವು. ಲೈಟ್ ಹಾಕಿದರೆ ಎದುರಿಗೆ ಏನೂ ಕಾಣದು!

"ಇದಾ ನಿಮ್ಮ ರಿಪೇರಿ? ನಾನು ನಾಳೆ ಬಸ್ಸಿಗೆ ಬರ್ತೇನೆ" ಎಂದು ಹೆಂಡತಿ ಬಾಗಿಲು ತೆರೆದೇಬಿಟ್ಟಳು.

ಪೇಸ್ಟೂ ವೇಸ್ಟು, ತೋಳಿನ ನೋವೂ ವೇಸ್ಟು ಅಂದುಕೊಳ್ಳುವಷ್ಟರಲ್ಲಿ ಅಂಗಳದಿಂದ ಭಾವ ಕೂಗಿದರು: "ಮೊದ್ಲು ಆ ಹಾಳೆ ತೆಗೀರಿ ಮಾರಾಯ್ರೆ!"

ತೆಗೆದೆ. ಗೇಟಿನಾಚೆಯ ಮೈಲಿಗಲ್ಲಿನ ಅಕ್ಷರವೂ ಓದುವಂತಾಯಿತು. ಉಸಿರು ಬಂತು. ಹೆಂಡತಿ ಕಾಡು ದಾಟಿ ಶೃಂಗೇರಿ ಬರುವವರೆಗೂ ನೆಮ್ಮದಿಯಾಗಿ ಕೂತಿದ್ದಳು. ಮನೆ ಮುಟ್ಟಿದ ಮೇಲೆ ಆಡಿದ್ದು ಒಂದೇ ಮಾತು:

"ಪೇಸ್ಟ್ ಉಳಿದಿದ್ರೆ ನಿಮ್ಮ ತಲೆಗೂ ಸ್ವಲ್ಪ ತಿಕ್ಕಿಕೊಳ್ಳಿ."